ಸಣ್ಣ ತೂತು, ಎಂಜಿನ್ ಇಳಿಸುವ ಖರ್ಚು

ಅಮೆರಿಕದಲ್ಲಿ ಹಳೆಯ ಪೋರ್ಶೆ 911 ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ಮಾರುವವನನ್ನು ಮೊದಲೇ ಕೇಳುವ ಪ್ರಶ್ನೆಯೊಂದಿದೆ: ಗಾಡಿ 1995ರದ್ದೋ, 96ರದ್ದೋ? ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಎರಡೂ 993 ಎಂಬ ಒಳಹೆಸರಿನ ಒಂದೇ ಪೀಳಿಗೆಯವು. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ ಇದ್ದ 911ಗಳಲ್ಲಿ ಇದೇ ಕೊನೆಯದು. 1998ಕ್ಕೆ ಆ ಕಾಲ ಮುಗಿಯಿತು. ಎರಡರಲ್ಲೂ 3.6 ಲೀಟರಿನ ಆರು ಸಿಲಿಂಡರ್, ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್. ಬಲ ನೋಡಿದರೆ 96ರದ್ದೇ ಮೇಲು: 270 ಇದ್ದ ಕುದುರೆಶಕ್ತಿ 282 ಆಗಿತ್ತು. ಆದರೂ ಬೇಕೆಂದೇ 95ನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಅವರು ತಪ್ಪಿಸಿಕೊಳ್ಳಲು ನೋಡುತ್ತಿರುವುದು 96ರ ಡ್ಯಾಶ್‌ಬೋರ್ಡಿನಲ್ಲಿರುವ ದೋಷ ಕಂಡರೆ ಹತ್ತುವ ಒಂದು ಹಳದಿ ದೀಪದಿಂದ.

ಆ ದೀಪದ ಜಗಳವೆಲ್ಲ ಶುರುವಾಗುವುದು ಒಂದು ತೂತಿನಲ್ಲಿ. ಸಿಲಿಂಡರುಗಳ ಬಾಯಿ ಮುಚ್ಚುವ ಎಂಜಿನ್ ಹೆಡ್ಡಿನೊಳಗೆ, ಹೊಗೆಯನ್ನು ಆಚೆ ಬಿಡುವ ಎಕ್ಸಾಸ್ಟ್ ವಾಲ್ವಿನ ಹಿಂಬದಿಗೆ ಬಂದು ತೆರೆದುಕೊಳ್ಳುವ ಸಣ್ಣ ಗಾಳಿದಾರಿ ಅದು. ಬೆಳಗ್ಗೆ ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಬೇಕು. ಜಾಸ್ತಿ ಕೊಟ್ಟ ಪೆಟ್ರೋಲ್ ಪೂರ್ತಿ ಉರಿಯದೆ ಹೊಗೆಯ ಜೊತೆ ಆಚೆ ಹೋಗುತ್ತದೆ. ಹೊಗೆಯನ್ನು ಶುದ್ಧ ಮಾಡಬೇಕಾದ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇನ್ನೂ ತಣ್ಣಗಿರುತ್ತದೆ. 250, 300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಅದು ಕೆಲಸಕ್ಕೆ ಇಳಿಯುವುದಿಲ್ಲ. ಆಗ ಒಂದು ಪಂಪು ಇಂಥ ತೂತುಗಳ ಮೂಲಕ ಎಕ್ಸಾಸ್ಟಿನೊಳಗೆ ಹೊಸ ಗಾಳಿ ತಳ್ಳುತ್ತದೆ. ಸೌದೆ ಒಲೆ ಹೊಗೆಯಾಡುವಾಗ ಊದುಗೊಳವೆಯಲ್ಲಿ ಊದಿದರೆ ಧಗ್ಗೆಂದು ಹತ್ತಿಕೊಳ್ಳುತ್ತದಲ್ಲ, ಲೆಕ್ಕ ಅದೇ. ಉಳಿದ ಪೆಟ್ರೋಲ್ ಅಲ್ಲೇ ಉರಿಯುತ್ತದೆ, ಆ ಬಿಸಿಗೆ ಕನ್ವರ್ಟರ್ ಬೇಗ ಎಚ್ಚರಗೊಳ್ಳುತ್ತದೆ. ಇಷ್ಟು ಕೆಲಸ ಸ್ವಲ್ಪ ಹೊತ್ತಿನದು. ಆಮೇಲೆ ಪಂಪು ಸುಮ್ಮನಾಗುತ್ತದೆ.

ಊದುಗೊಳವೆಗೆ ಮಸಿ ಕಟ್ಟಿದರೆ? 993ರಲ್ಲಿ ಆಗುವುದೂ ಅದೇ. ವಾಲ್ವು ಮೇಲೆ ಕೆಳಗೆ ಆಡುವ ಗೈಡ್ ಸವೆದಾಗ ಸಂದಿಯಿಂದ ಎಣ್ಣೆ ಇಳಿಯುತ್ತದೆ, ಎಕ್ಸಾಸ್ಟಿನ ಕಾವಿಗೆ ಸುಟ್ಟು ಕಲ್ಲಿನಂಥ ಮಸಿಯಾಗುತ್ತದೆ, ವರ್ಷಗಟ್ಟಲೆ ಕೂತು ಕೂತು ತೂತನ್ನು ಮುಚ್ಚಿಬಿಡುತ್ತದೆ. ಗಾಡಿ ಓಡಿಸುವವನಿಗೆ ಏನೂ ಗೊತ್ತಾಗುವುದಿಲ್ಲ. ಪಿಕಪ್ ಹಾಗೇ ಇರುತ್ತದೆ, ಸದ್ದು ಹಾಗೇ ಇರುತ್ತದೆ. ಒಂದು ದಿನ ದೀಪ ಹತ್ತಿಕೊಳ್ಳುತ್ತದೆ, ಸ್ಕ್ಯಾನರ್ ಚುಚ್ಚಿದರೆ ಪಿ0410 ಎಂದು, ಅಂದರೆ ಗಾಳಿ ಊದುವ ವ್ಯವಸ್ಥೆ ಕೆಟ್ಟಿದೆ ಎಂಬ ಸಂಕೇತ, ತೋರಿಸುತ್ತದೆ.

ಎಕ್ಸಾಸ್ಟಿಗೆ ಗಾಳಿ ಊದುವ ಉಪಾಯ 993ಕ್ಕಿಂತ ಎಷ್ಟೋ ಹಳೆಯದು. ಅದರ ಬೇರು ಲಾಸ್ ಏಂಜಲೀಸಿನಲ್ಲಿದೆ. 1943ರ ಜುಲೈನಲ್ಲಿ ಆ ಊರಿನ ಮೇಲೆ ಕಣ್ಣುರಿಯ ಮಬ್ಬು ಇಳಿಯಿತು. ಯುದ್ಧದ ಕಾಲ, ಶತ್ರುಗಳು ವಿಷಾನಿಲ ಬಿಟ್ಟರೇನೋ ಎಂದು ಜನ ಹೆದರಿದರು. ಊರೊಳಗಿದ್ದ ಕೃತಕ ರಬ್ಬರಿನ ಕಾರ್ಖಾನೆಯ ಮೇಲೆ ಆರೋಪ ಬಂತು, ಅದನ್ನು ನಿಲ್ಲಿಸಿಯೂ ನೋಡಿದರು, ಮಬ್ಬು ಹೋಗಲಿಲ್ಲ. ಗುಟ್ಟು ಬಿಡಿಸಿದವರು ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಾದ ಕ್ಯಾಲ್‌ಟೆಕ್‌ನ ರಸಾಯನಶಾಸ್ತ್ರಜ್ಞ ಆರಿ ಹಾಗನ್ ಸ್ಮಿಟ್. ಅವರ ನಿತ್ಯದ ಕೆಲಸ ಅನಾನಸ್ ಹಣ್ಣಿನ ಘಮ ಎಲ್ಲಿಂದ ಬರುತ್ತದೆ ಎಂದು ಹುಡುಕುವುದು! ಹಣ್ಣಿನ ಆವಿಯನ್ನು ತಣಿಸಿ ಹಿಡಿಯುವ ಅದೇ ವಿದ್ಯೆಯನ್ನು ಊರಿನ ಗಾಳಿಗೆ ಹಚ್ಚಿದರು. ಉರಿಯದ ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿಗೆ ಸಿಕ್ಕಿ ಈ ಮಬ್ಬಾಗುತ್ತವೆ ಎಂದು 1952ರ ಹೊತ್ತಿಗೆ ತೋರಿಸಿಕೊಟ್ಟರು. ಅಲ್ಲಿಗೆ ಬೆರಳು ಕಾರಿನತ್ತ ತಿರುಗಿತು. ಮುಂದೆ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು.

1966ರ ಮಾದರಿಯ ಹೊತ್ತಿಗೆ ಕ್ಯಾಲಿಫೋರ್ನಿಯಾದ ಕಾರುಗಳಲ್ಲಿ ಬೆಲ್ಟಿನಿಂದ ತಿರುಗುವ ಗಾಳಿ ಪಂಪು ಬಂದಿತ್ತು. 1970ರ ಶುದ್ಧ ಗಾಳಿ ಕಾಯ್ದೆ ಹೊಗೆಯ ವಿಷವನ್ನು ಕೆಲವೇ ವರ್ಷಗಳಲ್ಲಿ ಶೇ 90ರಷ್ಟು ಇಳಿಸಿ ಎಂದಿತು. ಕಾರು ಕಂಪನಿಗಳು ಬೊಬ್ಬೆ ಹೊಡೆದವು, ಗಡುವು ಮುಂದಕ್ಕೆ ಹೋಯಿತು. ಆದರೂ 1975ರ ಮಾದರಿಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಅದಕ್ಕಾಗಿ ಸೀಸವಿಲ್ಲದ ಪೆಟ್ರೋಲ್ ಬಂತು.

ಆ ಅವಸರದಲ್ಲಿ ಪೋರ್ಶೆ ಹಿಡಿದ ದಾರಿ ಬೇರೆ. ಎಪ್ಪತ್ತರ ದಶಕದ ನಡುವಿನ 2.7 ಲೀಟರ್ 911ಗಳಿಗೆ ಥರ್ಮಲ್ ರಿಯಾಕ್ಟರ್ ಕಟ್ಟಿದರು. ಹೆಸರು ದೊಡ್ಡದು, ಎಂಜಿನ್ನಿನ ಪಕ್ಕದಲ್ಲೇ ಹೊಗೆಯನ್ನು ಕೂಡಿಹಾಕಿ, ಗಾಳಿ ಊದಿ, ಇನ್ನೊಮ್ಮೆ ಸುಡುವ ಕಬ್ಬಿಣದ ಗೂಡು ಅಷ್ಟೇ. ನೀರಿನ ತಂಪೂ ಇಲ್ಲದ ಎಂಜಿನ್ನಿಗೆ ಕುಲುಮೆ ಕಟ್ಟಿದ ಹಾಗಾಯಿತು. ಎಂಜಿನ್ನಿನ ಒಡಲಾದ ಮೆಗ್ನೀಸಿಯಂ ಕ್ರ್ಯಾಂಕ್‌ಕೇಸಿನಲ್ಲಿ ಕೂರಿಸಿದ್ದ, ಹೆಡ್ ಬಿಗಿಯುವ ಸ್ಟಡ್‌ಗಳು ಆ ಕಾವಿಗೆ ತಿರುಪಿನ ಎಳೆಗಳ ಸಮೇತ ಕಿತ್ತು ಬರುತ್ತಿದ್ದವು. ಹೊಗೆ ನಿಯಂತ್ರಣ ಎಂದರೆ ಎಂಜಿನ್ನಿಗೆ ಶನಿ ಎಂಬ ನಂಬಿಕೆ ಸ್ಪೋರ್ಟ್ಸ್ ಕಾರಿನವರಲ್ಲಿ ಬೇರೂರಿದ್ದರೆ ಅದರಲ್ಲಿ ಇಂಥ ಗೂಡುಗಳ ಪಾಲೂ ಇದೆ. 1978ರ 911 ಎಸ್‌ಸಿ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನ ಜೊತೆ ಬಂದಾಗ ಜನ ನೆಮ್ಮದಿಯ ಉಸಿರುಬಿಟ್ಟರು.

ಈ ತಲೆನೋವಿಗೆ ಮದ್ದಾಗಿ ಬಂದದ್ದು ಲ್ಯಾಂಬ್ಡಾ ಸೆನ್ಸರ್. ಇದರ ಹಿಂದಿನ ಕಥೆ ನನಗೆ ತುಂಬ ಇಷ್ಟ. ಮೂರೂ ಬಗೆಯ ವಿಷವನ್ನು ಒಟ್ಟಿಗೆ ಕಳೆಯುವ ಕನ್ವರ್ಟರ್‌ಗೆ ಒಂದು ಹಟವಿದೆ: ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ, ಅದರ ಆಸುಪಾಸಿನಲ್ಲೇ ಇರಬೇಕು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಅಷ್ಟು ಕರಾರುವಾಕ್ಕಾಗಿ ನಿಲ್ಲಿಸಲು ಆಗದು. ಹೊಗೆಯ ರುಚಿ ನೋಡಿ ಹೇಳುವ ಒಂದು ನಾಲಿಗೆ ಬೇಕಿತ್ತು.

ಆ ನಾಲಿಗೆಯ ಪಿಂಗಾಣಿ ಜರ್ಮನಿಯ ರಸಾಯನ ವಿಜ್ಞಾನಿ ವಾಲ್ಟರ್ ನರ್ನ್ಸ್ಟ್ ಅವರದು. 1897ರಲ್ಲಿ ಅವರು ಜಿರ್ಕೋನಿಯಾ ಎಂಬ ಪಿಂಗಾಣಿಯ ಕಡ್ಡಿಯ ವಿದ್ಯುತ್ ದೀಪ ಮಾಡಿದ್ದರು. ತಣ್ಣಗಿದ್ದಾಗ ಆ ಕಡ್ಡಿಯಲ್ಲಿ ಕರೆಂಟು ಹರಿಯದು. ಕಾಯಿಸಿದರೆ ಒಳಗಿನ ಆಮ್ಲಜನಕದ ಅಯಾನುಗಳು ಓಡಾಡತೊಡಗಿ ಬೆಳಗುತ್ತದೆ. ವಿದ್ಯುತ್ ದೀಪ ಹಚ್ಚಲು ಮೊದಲು ಬೆಂಕಿ ಹಿಡಿಯಬೇಕಾದ ಪಾಡು! ಟಂಗ್‌ಸ್ಟನ್ ಬಲ್ಬು ಬಂದ ಮೇಲೆ ಅದನ್ನು ಎಲ್ಲರೂ ಮರೆತರು. ಆದರೆ ಅದೇ ಜಿರ್ಕೋನಿಯಾದ ಒಂದು ಮೈಗೆ ಹೊರಗಿನ ಗಾಳಿ, ಇನ್ನೊಂದು ಮೈಗೆ ಎಕ್ಸಾಸ್ಟ್ ಹೊಗೆ ತಾಗಿಸಿ ಕಾಯಿಸಿದರೆ, ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕ ಹಾಗೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಪೆಟ್ರೋಲ್ ಜಾಸ್ತಿಯಾದರೆ ಸುಮಾರು 0.9 ವೋಲ್ಟ್, ಗಾಳಿ ಜಾಸ್ತಿಯಾದರೆ 0.1. ಮೀಟರ್ ಹಚ್ಚಿ ನೋಡಿದರೆ ಮುಳ್ಳು ಆ ಕಡೆ ಈ ಕಡೆ ತೊನೆಯುತ್ತಲೇ ಇರುತ್ತದೆ. ಹಾಗೆ ತೊನೆಯುವುದೇ ಆರೋಗ್ಯದ ಲಕ್ಷಣ. ಒಂದೆಡೆ ನಿಂತರೆ ರೋಗ.

ಬಾಷ್ ಇದನ್ನು 1976ರಲ್ಲಿ ದೊಡ್ಡ ಪ್ರಮಾಣದ ಉತ್ಪಾದನೆಗೆ ತಂದಿತು. ಬೆಂಗಳೂರಿನವರು ಮೈಕೋ ಎಂದೇ ಕರೆಯುತ್ತಿದ್ದ ಆಡುಗೋಡಿ ಕಾರ್ಖಾನೆಯ ಮೂಲ ಕಂಪನಿಯೇ ಇದು. ಮೊದಲು ಹಾಕಿಕೊಂಡದ್ದು ಕ್ಯಾಲಿಫೋರ್ನಿಯಾಕ್ಕೆ ಕಳಿಸಿದ 1977ರ ಮಾದರಿಯ ವೋಲ್ವೋಗಳು. ವೋಲ್ವೋಗೆ ಎಷ್ಟು ಹೆಮ್ಮೆ ಎಂದರೆ ಕಾರಿನ ಮುಂದಿನ ಜಾಲರಿಯ ಮೇಲೆ ಲ್ಯಾಂಬ್ಡಾ ಸೋಂಡ್ ಎಂದು ಬಿಲ್ಲೆ ಹಾಕಿಸಿತು.

911ಕ್ಕೆ ಈ ಸೆನ್ಸರ್ ಬಂದದ್ದು ಅಮೆರಿಕದ 1980ರ ಎಸ್‌ಸಿಯಲ್ಲಿ. ಜೊತೆಗೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಅದುಮುವ ಪ್ರಮಾಣ, 8.5ರಿಂದ 9.3ಕ್ಕೆ ಏರಿತು, ಎಂಜಿನ್ ಹೊಗೆ ಕಾನೂನಿನ ಕೆಳಗೆ ನರಳುವ ಬದಲು ಅದರೊಟ್ಟಿಗೆ ಬಾಳುವುದು ಕಲಿಯಿತು. ಸೆನ್ಸರ್‌ಗೆ ಒಂದೇ ತಂತಿ, ಒಳಗೆ ಹೀಟರ್ ಇಲ್ಲ. ಹಳೆಯ ದೀಪದ ಕಡ್ಡಿಯ ಹಾಗೆ, ಹೊಗೆಯೇ ಕಾಯಿಸುವ ತನಕ ಕಾಯಬೇಕು. ಆ ಕಾರಿನ ಮೀಟರಿನಲ್ಲೂ ಒಎಕ್ಸ್‌ಎಸ್ (ಇದೇ ಸೆನ್ಸರಿನ ಇನ್ನೊಂದು ಹೆಸರಾದ ಆಕ್ಸಿಜನ್ ಸೆನ್ಸರಿನ ಮೊಟಕು) ಎಂದು ಬರೆದ ಒಂದು ದೀಪ ಇತ್ತು. 30,000 ಮೈಲಿ ಆದ ಕೂಡಲೇ ಅದು ಹತ್ತುತ್ತಿತ್ತು. ಸೆನ್ಸರ್ ಕೆಟ್ಟಿದೆ ಎಂದಲ್ಲ. ಮೈಲಿ ಆಯಿತು, ಬದಲಾಯಿಸು ಎಂದು. ಒಂದು ಗುಂಡಿ ಒತ್ತಿದರೆ ಆರುತ್ತಿತ್ತು. ಎಣಿಕೆ ಬಿಟ್ಟರೆ ಆ ದೀಪಕ್ಕೆ ಬೇರೇನೂ ಬರುತ್ತಿರಲಿಲ್ಲ, ಪಾಪ.

1996ರ ದೀಪ ಹಾಗಲ್ಲ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ ಎಂಬ ವಿಚಾರವನ್ನು ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ಶುರು ಮಾಡಿತ್ತು. ಅದರ ಕಟ್ಟುನಿಟ್ಟಿನ ರೂಪವಾದ ಒಬಿಡಿ-2 ಅಮೆರಿಕದಲ್ಲಿ ಮಾರುವ ಎಲ್ಲ ಪೆಟ್ರೋಲ್ ಕಾರುಗಳಿಗೆ 1996ರಿಂದ ಕಡ್ಡಾಯವಾಯಿತು. 993ಕ್ಕೆ ಆಗ ನಾಲ್ಕು ಲ್ಯಾಂಬ್ಡಾ ಸೆನ್ಸರ್: ಎರಡು ಕನ್ವರ್ಟರ್‌ಗಳ ಮುಂದೆ, ಎರಡು ಹಿಂದೆ. ಹಿಂದಿನವು ಕನ್ವರ್ಟರಿನ ಮೇಲ್ವಿಚಾರಕರು. ಊದುವ ಪಂಪಿಗೂ ಪರೀಕ್ಷೆ ಬಂತು. ಪಂಪು ಓಡುವಾಗ ಎಕ್ಸಾಸ್ಟಿನಲ್ಲಿ ಗಾಳಿ ಜಾಸ್ತಿಯಾಯಿತು ಎಂದು ಮುಂದಿನ ಸೆನ್ಸರ್ ಸಾಕ್ಷಿ ಹೇಳಬೇಕು. ಹೇಳದಿದ್ದರೆ ದೀಪ. 95ರ ಕಾರಿನಲ್ಲಿ ಒಬಿಡಿ-2 ಇಲ್ಲ, ಕೇಳುವವರೂ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಎಂಬ ಹೊಗೆ ಪರೀಕ್ಷೆ ಮಾಡಿಸಬೇಕು. ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ಹಳೆಯ ಗಾಡಿ ಇಟ್ಟುಕೊಂಡಿರುವ ನಮ್ಮವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮಲ್ಲಿ ಪೆಟ್ರೋಲ್ ಬಂಕ್ ಪಕ್ಕದ ವ್ಯಾನಿನಲ್ಲಿ ಸೈಲೆನ್ಸರಿಗೆ ಪೈಪು ತೂರಿಸಿ, ನಂಬರ್ ಪ್ಲೇಟಿನ ಫೋಟೊ ಹೊಡೆದು ಕೊಡುವ ಎಮಿಷನ್ ಸರ್ಟಿಫಿಕೇಟಿನಷ್ಟು ಸಲೀಸಲ್ಲ. 1999ರವರೆಗಿನ ಗಾಡಿಯಾದರೆ ಆ ರಾಜ್ಯದ ಬಹುಪಾಲು ಊರುಗಳಲ್ಲಿ ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಹೊಗೆ ಅಳೆಯುತ್ತಾರೆ. 1996ರದ್ದೋ ಆಮೇಲಿನದ್ದೋ ಆದರೆ ಕಂಪ್ಯೂಟರಿನ ಬಾಯನ್ನೂ ಬಿಡಿಸುತ್ತಾರೆ. ಹೊಗೆ ಎಷ್ಟೇ ಶುದ್ಧವಿರಲಿ, ದೀಪ ಹತ್ತಿದ್ದರೆ ಫೇಲ್. ಬ್ಯಾಟರಿ ತಂತಿ ಕಿತ್ತು ದೀಪ ಆರಿಸಿಕೊಂಡು ಹೋದರೆ, ಸ್ವಯಂ ಪರೀಕ್ಷೆಗಳು ಮುಗಿದಿಲ್ಲ ಎಂದು ಕಂಪ್ಯೂಟರೇ ಚಾಡಿ ಹೇಳುತ್ತದೆ. 1996ರಿಂದ 99ರ ಗಾಡಿಗಳಿಗೆ ಅಂಥ ಒಂದು ಪರೀಕ್ಷೆ ಬಾಕಿ ಇದ್ದರೂ ನಡೆಯುತ್ತದೆ. ಈ ರಿಯಾಯಿತಿ 993 ಮಾಲೀಕರ ಕಿವಿಗೆ ಬೀಳದೆ ಇರುತ್ತದೆಯೇ?

ಇನ್ನೊಂದು ಬಾಗಿಲೂ ಇತ್ತು, ಮುಚ್ಚಿಹೋಯಿತು. ಒಂದು ಕಾಲಕ್ಕೆ 30 ವರ್ಷ ತುಂಬಿದ ಕಾರುಗಳಿಗೆ ಅಲ್ಲಿ ಸ್ಮಾಗ್ ಚೆಕ್‌ನಿಂದ ವಿನಾಯಿತಿ ಇತ್ತು. 2004ರ ಕಾಯ್ದೆ ಆ ಗೆರೆಯನ್ನು 1975ರ ಮಾದರಿಗೇ ನಿಲ್ಲಿಸಿತು. ಹಳೆಯ ನಿಯಮ ಉಳಿದಿದ್ದರೆ 1996ರ 993ಕ್ಕೆ 2026ರಲ್ಲಿ ಬಿಡುಗಡೆ ಸಿಗುತ್ತಿತ್ತು.

ಹಾಗಾಗಿ ತೂತು ಬಿಡಿಸಲೇಬೇಕು. ಮೆಕ್ಯಾನಿಕ್‌ಗಳು ಮೊದಲು ಅಗ್ಗದ ದಾರಿ ನೋಡುತ್ತಾರೆ. ಗಾಳಿ ಪೈಪಿನ ಒಮ್ಮುಖ ವಾಲ್ವ್ ಬಿಚ್ಚಿ ಕಾರ್ಬನ್ ಕರಗಿಸುವ ದ್ರಾವಣ ಹೊಯ್ದು ನೆನೆಯಲು ಬಿಡುತ್ತಾರೆ. ಆಮೇಲೆ ಎಕ್ಸಾಸ್ಟ್ ಕಡೆಯಿಂದ ಬಗ್ಗುವ ಉಕ್ಕಿನ ತಂತಿ ತೂರಿಸಿ, ಬೆರಳ ತುದಿಯಲ್ಲಿ ತಿರುಗಿಸುತ್ತ, ಅಂಗುಲ ಅಂಗುಲವಾಗಿ ಕೆರೆಯುತ್ತಾರೆ. ಹೊರಬರುವುದು ಕಾಫಿಪುಡಿಯಂಥ ಕಪ್ಪು ಹರಳು. ಒಮ್ಮೊಮ್ಮೆ ಇಷ್ಟಕ್ಕೇ ದೀಪ ಆರುತ್ತದೆ. ಆದರೆ ಗೈಡ್ ಸವೆದದ್ದು ಹಾಗೇ ಇರುತ್ತದಲ್ಲ, ಎಣ್ಣೆ ಇಳಿಯುತ್ತಲೇ ಇರುತ್ತದೆ, ಮಸಿ ಮತ್ತೆ ಕೂರುತ್ತದೆ. ಪಕ್ಕಾ ಕೆಲಸ ಬೇಕೆಂದರೆ ಎಂಜಿನ್ ಇಳಿಸಿ, ಹೆಡ್ ಬಿಚ್ಚಿ, ಹೊಸ ಗೈಡ್ ಕೂರಿಸಬೇಕು. ಬಿಲ್ಲು ಸಾವಿರಾರು ಡಾಲರ್.

ಒಂದು ಸಣ್ಣ ತೂತಿಗೆ, ಅದೂ ಬೆಳಗಿನ ಸ್ವಲ್ಪ ಹೊತ್ತಿನ ಕೆಲಸಕ್ಕೆ, ಇಷ್ಟು ಖರ್ಚೇ ಎಂದು ಮಾಲೀಕರು ಗೊಣಗುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ, ವಾದ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕನ್ವರ್ಟರ್ ಇರುವ ಕಾರು ಅತಿ ಕೊಳಕು ಹೊಗೆ ಬಿಡುವುದು ಆ ಹೊತ್ತಿನಲ್ಲೇ. ಮೇಲಾಗಿ ದೀಪ ಸುಳ್ಳು ಹೇಳಿದ್ದಲ್ಲ. ಗೈಡ್ ಸವೆದ 95ರ ಹೆಡ್ ಬಿಚ್ಚಿದರೂ ಅಂಥದೇ ಮಸಿ ಸಿಗುತ್ತದೆ. ಆ ಮಾಲೀಕನಿಗೆ ಸುದ್ದಿ ಮುಟ್ಟುವುದು ಎಂಜಿನ್ ಎಣ್ಣೆ ಕುಡಿಯಲು ಶುರು ಮಾಡಿದ ಮೇಲೆ, ಡಿಪ್‌ಸ್ಟಿಕ್ ಎಳೆದು ನೋಡಿದಾಗ.