ಸ್ಪೇಸರ್ ಹಾಕುವ ಮುಂಚೆ ಹಬ್ ಮುಖ ಉಜ್ಜಿ

ಮುಂದಿನ ಎಡ ಚಕ್ರದಿಂದ ಟಕ್ ಟಕ್ ಸದ್ದು ಬರ್ತಿದೆ ಅಂತ ಒಬ್ಬರು ಜೀಪ್ ತಂದಿದ್ದರು. ಬೇರಿಂಗ್ ಹೋಗಿರಬೇಕು ಅನ್ನೋದು ಅವರ ಲೆಕ್ಕ. ಚಕ್ರ ಬಿಚ್ಚಿದರೆ ಹಿಂದೆ 30 ಎಂಎಂ ಅಲ್ಯೂಮಿನಿಯಂ ಸ್ಪೇಸರ್, ಅಂದರೆ ಚಕ್ರವನ್ನು ಹೊರಕ್ಕೆ ತಳ್ಳಲು ಹಬ್ಬಿಗೂ ಚಕ್ರಕ್ಕೂ ನಡುವೆ ಹಾಕುವ ಬಿಲ್ಲೆ. ಅದನ್ನೂ ಬಿಚ್ಚಿದೆ. ಚಕ್ರ ಕೂರುವ ಹಬ್ ಮೇಲೆ ಒಣಗಿದ ಕೆಸರಿನ ಪದರ, ಸುತ್ತ ಬೂದು ಬಣ್ಣದ ನುಣುಪು ಪುಡಿ, ಸ್ಪೇಸರ್‌ನಲ್ಲಿ ದುಂಡಗಿರಬೇಕಾದ ಸ್ಟಡ್ (ನಟ್ ಬಿಗಿಯುವ ಥ್ರೆಡ್ ಕಡ್ಡಿ) ತೂತುಗಳು ಮೊಟ್ಟೆ ಆಕಾರಕ್ಕೆ ತಿರುಗಿದ್ದವು. ಬೇರಿಂಗ್ ಚೆನ್ನಾಗೇ ಇತ್ತು.

ಇದು ಯಾಕಾಗುತ್ತೆ ಗೊತ್ತಾ? ಗಾಡಿಯ ಭಾರವನ್ನು ಸ್ಟಡ್‌ಗಳು ಹೊರುತ್ತವೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸ್ಟಡ್‌ನ ಕೆಲಸ ಎರಡು ಮುಖಗಳನ್ನು ಬಿಗಿಯಾಗಿ ಒತ್ತಿ ಹಿಡಿಯೋದು, ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಚಕ್ರವನ್ನು ಜಾರದಂತೆ ತಡೆಯುವುದು. ಮಧ್ಯೆ ಕೆಸರೋ ತುಕ್ಕೋ ದಪ್ಪ ಪೇಂಟೋ ಇದ್ದರೆ ಅದು ಓಡಾಟದಲ್ಲಿ ಪುಡಿಯಾಗಿ ಉದುರುತ್ತೆ, ಬಿಗಿ ಸಡಿಲವಾಗುತ್ತೆ, ಆಮೇಲೆ ಪ್ರತಿ ಹಳ್ಳ, ಪ್ರತಿ ಬ್ರೇಕ್ ಸ್ಟಡ್ ಮೇಲೇ ಬೀಳುತ್ತೆ, ಸ್ಟಡ್ ಬಾಗಿ ಬಾಗಿ ಒಂದು ದಿನ ತುಂಡಾಗುತ್ತೆ. ಆಗ ಎಲ್ಲರೂ ಸ್ಪೇಸರ್‌ನೇ ಬೈಯ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪು ಜಾಸ್ತಿ ಇರೋದು ಕೂರಿಸಿದ ರೀತಿಯಲ್ಲಿ.

ಹಾಗಂತ ಎಲ್ಲ ಸ್ಪೇಸರ್ ಒಂದೇ ಅಲ್ಲ. ಸುಮ್ನೆ ಸ್ಟಡ್ ಮೇಲೆ ತೂರಿಸಿ ಇಡುವ ತೆಳು ಬಿಲ್ಲೆ ಒಂದು ಬಗೆ. ಅದನ್ನು ಹಾಕಿದರೆ ಅದರ ದಪ್ಪದಷ್ಟು ಸ್ಟಡ್ ಒಳಗೇ ಉಳಿದು, ನಟ್‌ಗೆ ಸಿಗುವ ಥ್ರೆಡ್ ಕಡಿಮೆಯಾಗುತ್ತೆ. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ಥ್ರೆಡ್ ಹಿಡಿಯಬೇಕು. 12 ಎಂಎಂ ಸ್ಟಡ್, 1.5 ಪಿಚ್ (ಒಂದು ಸುತ್ತಿಗೆ ನಟ್ 1.5 ಎಂಎಂ ಮುಂದೆ ಹೋಗುತ್ತೆ) ಅಂದರೆ ಪೂರ್ತಿ 8 ಸುತ್ತು. ನಟ್ ಕೈಯಲ್ಲಿ ತಿರುಗಿಸುತ್ತಾ ಎಣಿಸಿ, ಐದಾರು ಸುತ್ತಿಗೇ ನಿಂತರೆ ಆ ಬಿಲ್ಲೆ ತೆಗೆದುಬಿಡಿ. ಆಫ್ ರೋಡ್ ಗಾಡಿಗೆ ನಾನು ಹಾಕೋದು ಹಬ್‌ಗೆ ಬೇರೆಯಾಗಿ ನಟ್ ಬಿಗಿಯುವ, ತನ್ನದೇ ಸ್ಟಡ್ ಇರುವ ಬಗೆ ಮಾತ್ರ. ಅದರಲ್ಲೂ ನಡುವಿನ ತೂತು ಹಬ್ಬಿನ ಉಬ್ಬಿಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಚಕ್ರ ಕೂದಲೆಳೆಯಷ್ಟು ಆಚೀಚೆ ಕೂತು, ವೇಗದಲ್ಲಿ ಸ್ಟೇರಿಂಗ್ ನಡುಗುತ್ತೆ.

ಇನ್ನೊಂದು ಕಣ್ಣಿಗೆ ಬೀಳದ ತೊಂದರೆ ಇದೆ. ತನ್ನದೇ ಸ್ಟಡ್ ಇರುವ ಈ ಬಗೆಯಲ್ಲೂ ಸ್ಪೇಸರ್ ತೆಳುವಾದರೆ ಹಬ್ಬಿನ ಮೂಲ ಸ್ಟಡ್ ತುದಿ ಆಚೆ ಇಣುಕುತ್ತೆ. ಅಲಾಯ್ ಚಕ್ರದ ಹಿಂಬದಿಯಲ್ಲಿ ಕೆಲವೊಮ್ಮೆ ಗುಳಿ ಇರುತ್ತೆ, ತುದಿ ಅದರೊಳಗೆ ಹೋಗುತ್ತೆ. ಚಪ್ಪಟೆ ಮುಖದ ಸ್ಟೀಲ್ ಚಕ್ರದಲ್ಲಿ ಗುಳಿಯೇ ಇಲ್ಲ, ಚಕ್ರ ಆ ತುದಿಗಳ ಮೇಲೇ ಕೂತಿರುತ್ತೆ, ಬಿಗಿಯಾದಂತೆ ಕಾಣುತ್ತೆ ಅಷ್ಟೇ. ಬಿಗಿಯುವ ಮುಂಚೆ ಸ್ಪೇಸರ್ ಮೇಲೆ ಒಂದು ಸ್ಕೇಲ್ ಅಡ್ಡ ಇಟ್ಟು ನೋಡಿದರೆ ಗೊತ್ತಾಗುತ್ತೆ.

ಸ್ಪೇಸರ್ ಹಾಕಿದರೆ ಬೇರಿಂಗ್ ಮೇಲೆ ಹೆಚ್ಚು ಹೊರೆ ಬೀಳೋದು ನಿಜ. ಆದರೆ ಆಫ್‌ಸೆಟ್ (ಚಕ್ರದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ಎಂಎಂ ಹೊರಗಿದೆ ಅನ್ನೋ ಅಳತೆ) 40 ಇರುವ ಚಕ್ರಕ್ಕೆ 30 ಎಂಎಂ ಸ್ಪೇಸರ್ ಹಾಕೋದೂ, ಅದೇ ಅಗಲದ ಆಫ್‌ಸೆಟ್ 10ರ ಚಕ್ರ ಹಾಕೋದೂ ಬೇರಿಂಗ್‌ಗೆ ಒಂದೇ. ಟೈರ್ ಪೂರ್ತಿ ತಿರುಗಿಸಿದಾಗ ಒಳಗೆ ಲಿಂಕ್‌ಗೋ ಸ್ಪ್ರಿಂಗ್‌ಗೋ ತಾಗುತ್ತಿದ್ದರೆ ಸ್ಪೇಸರ್ ಒಳ್ಳೆ ದಾರಿ. ಬರೀ ಗಾಡಿ ಅಗಲ ಕಾಣಲಿ ಅಂತಾದರೆ ನಾನು ಬೇಡ ಅಂತೀನಿ. ಟೈರ್ ಈಗ ಫೆಂಡರ್‌ಗೆ ತಾಗಬಹುದು, ಕಲ್ಲು ಬಡಿದಾಗ ಸ್ಟೇರಿಂಗ್ ಕೈಯಿಂದ ಜೋರಾಗಿ ಎಳೆಯುತ್ತೆ.

ಆ ಜೀಪಿಗೆ ಸ್ಟಡ್‌ಗಳನ್ನೂ ಸ್ಪೇಸರನ್ನೂ ಬದಲಿಸಿದೆ. ಹಬ್ ಮುಖವನ್ನು ಲೋಹ ಹೊಳೆಯುವವರೆಗೆ ವೈರ್ ಬ್ರಷ್‌ನಲ್ಲಿ ಉಜ್ಜಿ, ಥ್ರೆಡ್‌ಗೆ ಎಣ್ಣೆ ಹಾಕದೆ, ನಟ್ ಬಿಗಿಯುವ ಗನ್ ಯಂತ್ರ ಬಿಟ್ಟು, ಎಷ್ಟು ಬಿಗಿಯಾಯ್ತು ಅಂತ ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಗಾಡಿಯ ಕೈಪಿಡಿ ಹೇಳಿದಷ್ಟು ಬಿಗಿದೆ. 80 ಕಿಲೋಮೀಟರ್ ಓಡಿಸಿ ಬನ್ನಿ ಅಂದೆ. ಬಂದರು. “ಹೊರಗಿನ ನಟ್ ನಾನೇ ನೋಡ್ಕೊಂಡೆ, ಬಿಗಿಯಾಗೇ ಇದೆ” ಅಂದರು. ಸ್ಪೇಸರನ್ನು ಹಬ್ಬಿಗೆ ಹಿಡಿಯುವ ಒಳಗಿನ ನಟ್‌ಗಳು ಚಕ್ರ ಬಿಚ್ಚದೆ ಕೈಗೆ ಸಿಗಲ್ಲ ಅಲ್ವಾ, ಬಿಚ್ಚಿ ರೆಂಚ್ ಇಟ್ಟೆ. ಐದರಲ್ಲಿ ಎರಡು ಇನ್ನೂ ಸ್ವಲ್ಪ ತಿರುಗಿದವು.