ಮಸೂರ ಬದಲಾದಂತೆ ಡಯಾಟಮ್‌ಗಳ ಹೆಸರೂ ಬದಲಾಯಿತು

ಹರಿಹರದಲ್ಲಿ ತುಂಗಭದ್ರೆಯ ಕಲ್ಲಿನ ಮೇಲೆ ಕಾಲಿಟ್ಟು ಜಾರಿದವರು ಪಾಚಿಗೆ ಬೈದಿರುತ್ತಾರೆ. ಆ ಲೋಳೆ ಕಂದು ಬಣ್ಣಕ್ಕಿದ್ದರೆ ಅದರಲ್ಲಿ ಸಾಮಾನ್ಯವಾಗಿ ಡಯಾಟಮ್‌ಗಳೇ ಜಾಸ್ತಿ. ಸೂಳೆಕೆರೆಯಲ್ಲೂ ಇವೆ, ಚಿತ್ರದುರ್ಗದ ಕೋಟೆಯ ಹೊಂಡಗಳಲ್ಲೂ ಇವೆ. ಡಯಾಟಮ್ ಅಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ: ಒಂದೇ ಜೀವಕೋಶ, ಅದರ ಸುತ್ತ ಸಿಲಿಕಾದ ಚಿಪ್ಪು. ಇವುಗಳಲ್ಲಿ ಯಾವುದು ಅಪರೂಪ, ಯಾವುದು ಮಾಮೂಲಿ? ಇದಕ್ಕೆ ಸಿಕ್ಕ ಉತ್ತರಗಳು ನೀರಿಗಿಂತ ಹೆಚ್ಚಾಗಿ ಆಯಾ ಕಾಲದ ಮಸೂರವನ್ನೇ ನಂಬಿಕೊಂಡಿದ್ದವು.

1703ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಹೆಸರು ಹೇಳದ ಒಬ್ಬರು ನೀರಗಿಡದ ಬೇರಿಗೆ ಅಂಟಿದ್ದ ಚೌಕ ತುಣುಕುಗಳ ಬಗ್ಗೆ ಬರೆದರು. 1838ರಲ್ಲಿ ಜರ್ಮನಿಯ ಎಹ್ರೆನ್‌ಬರ್ಗ್ ಇವನ್ನು ಪ್ರಾಣಿಗಳ ಸಾಲಿಗೆ ಸೇರಿಸಿದರು, ಹೊಟ್ಟೆಯೂ ಇದೆ ಅಂದರು. ಕೆಲವು ಸರಿದಾಡುತ್ತವಲ್ಲ, ಹಾಗನ್ನಿಸಿದ್ದು ಸಹಜವೇ. 1844ರಲ್ಲಿ ಕ್ಯುಟ್ಸಿಂಗ್ ಇವುಗಳ ಮೇಲೆ ದೊಡ್ಡ ಗ್ರಂಥವನ್ನೇ ತಂದರು. 1896ರಲ್ಲಿ ಶ್ಯುಟ್ ಎರಡು ಗುಂಪು ಮಾಡಿದರು: ದುಂಡಗಿನವು, ಉದ್ದನೆಯವು. ಈ ಮಾತು ಇವತ್ತಿಗೂ ಬಳಕೆಯಲ್ಲಿದೆ.

ಆದರೆ ಆಕಾರ ನಂಬಿಕಸ್ತ ಸಾಕ್ಷಿಯಲ್ಲ. ಚಿಪ್ಪಿನ ಎರಡು ಭಾಗ ಡಬ್ಬಿ ಮತ್ತು ಮುಚ್ಚಳದ ಹಾಗಿರುತ್ತವೆ. ಕೋಶ ಒಡೆದು ಎರಡಾದಾಗ ಹಳೆಯ ಎರಡೂ ಭಾಗ ಮುಚ್ಚಳವೇ ಆಗುತ್ತವೆ, ಒಳಗೆ ಹೊಸ ಡಬ್ಬಿ ಬೆಳೆಯುತ್ತದೆ. ಹಾಗಾಗಿ ಎರಡರಲ್ಲೊಂದು ಸ್ವಲ್ಪ ಚಿಕ್ಕದು. ತಲೆಮಾರು ಕಳೆದಂತೆ ಗಾತ್ರ ಕುಗ್ಗುತ್ತದೆ, ಅಂಚಿನ ರೂಪವೂ ಬದಲಾಗುತ್ತದೆ. ಆಮೇಲೆ ಲೈಂಗಿಕ ಸಂತಾನದಲ್ಲಿ ಮತ್ತೆ ದೊಡ್ಡದಾಗುತ್ತದೆ. ಇದರಿಂದ ಒಂದೇ ಜಾತಿಗೆ ಎರಡು ಮೂರು ಹೆಸರು ಬಿದ್ದದ್ದೂ ಉಂಟು.

ಆದ್ದರಿಂದ ಚಿಪ್ಪನ್ನು ಆಮ್ಲದಲ್ಲಿ ತೊಳೆದು, ಅದರ ಗೆರೆಗಳನ್ನು ಎಣಿಸುತ್ತಾರೆ. ಹತ್ತು ಮೈಕ್ರಾನಿನಲ್ಲಿ ಎಷ್ಟು ಗೆರೆ ಅನ್ನೋದು ಲೆಕ್ಕ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸಾಧಾರಣ ಮೈಕ್ರೋಸ್ಕೋಪಿಗೆ ಸುಮಾರು 0.2 ಮೈಕ್ರಾನಿಗಿಂತ ಸಣ್ಣ ವಿವರ ಕಾಣುವುದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದಾಗ, ಗೆರೆ ಅಂದುಕೊಂಡದ್ದು ರಂಧ್ರಗಳ ಸಾಲು ಅಂತ ಸ್ಪಷ್ಟವಾಗಿ ಕಂಡಿತು. 1990ರಲ್ಲಿ ರೌಂಡ್, ಕ್ರಾಫರ್ಡ್ ಮತ್ತು ಮ್ಯಾನ್ ಇಂಥ ವಿವರಗಳ ಮೇಲೆಯೇ ಹಳೆಯ ಕುಲಗಳನ್ನು, ಅಂದರೆ ಹತ್ತಿರದ ಜಾತಿಗಳ ಗುಂಪುಗಳನ್ನು, ಒಡೆದು ಹೊಸದಾಗಿ ಜೋಡಿಸಿದರು. ನಂತರ ಡಿಎನ್‌ಎ ಬಂದು ಆ ಜೋಡಣೆಯನ್ನೂ ಅಲ್ಲಾಡಿಸಿತು.

ನಮ್ಮ ಕಡೆಯ ಕಥೆಯಲ್ಲಿ ಇನ್ನೊಂದು ತೊಡಕಿದೆ. ಎಚ್.ಪಿ. ಗಾಂಧಿ 1950ರ ದಶಕದಲ್ಲಿ ಧಾರವಾಡ, ಸಾಗರದ ಡಯಾಟಮ್‌ಗಳನ್ನು ಗುರುತಿಸಿ ಚಿತ್ರ ಬರೆದರು. ದೊಡ್ಡ ಕೆಲಸ ಅದು. ಆದರೆ ಆಗ ಹೋಲಿಸಲು ಇದ್ದದ್ದು ಹೆಚ್ಚಾಗಿ ಯುರೋಪಿನ ಪುಸ್ತಕಗಳು. ಮೇಲ್ನೋಟಕ್ಕೆ ಹೋಲಿದರೆ ಅಲ್ಲಿನ ಹೆಸರೇ ಇಲ್ಲಿಗೂ. ಹಾಗೆ ಇಲ್ಲಿ ಮಾತ್ರ ಇರುವ ಜಾತಿಯೂ ಲೋಕಕ್ಕೆಲ್ಲ ಮಾಮೂಲಿ ಎಂದು ಪಟ್ಟಿ ಸೇರಬಹುದು. ನನಗೆ ಅಪರೂಪ ಅನ್ನುವ ಮಾತಿನ ಮೇಲೆ ಅನುಮಾನ ಹುಟ್ಟುವುದು ಇಲ್ಲೇ. ಮಾರಿಕಣಿವೆ ಅಣೆಕಟ್ಟಿನಲ್ಲಿ ವರ್ಷವಿಡೀ ನಿಲ್ಲುವ ವೇದಾವತಿಯ ನೀರೂ ಬೇಸಿಗೆಗೆ ಒಣಗುವ ಹಳ್ಳಿಯ ಕೆರೆಯೂ ಒಂದೇ ಅಲ್ಲ. ಯುರೋಪಿನ ಸರೋವರವಂತೂ ದೂರದ ಮಾತು.

ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರ ಇಂಡಿಕೋನೀಮಾ ಎಂಬ ಹೊಸ ಕುಲ 2025ರಲ್ಲಿ ಸುದ್ದಿಯಾಯಿತು. ಅದರ ಹತ್ತಿರದ ನೆಂಟರಲ್ಲಿ ಸಣ್ಣ ರಂಧ್ರಗಳ ಗುಂಪು ಚಿಪ್ಪಿನ ಬುಡದ ತುದಿಯಲ್ಲಿ ಮಾತ್ರ ಇರುತ್ತದೆ, ಇದರಲ್ಲಿ ಎರಡೂ ತುದಿಗಳಲ್ಲಿದೆ. ಕಾಲೇಜಿನ ಸಾಧಾರಣ ಮೈಕ್ರೋಸ್ಕೋಪಿನಲ್ಲಿ ಇಂಥದ್ದು ಕಣ್ತಪ್ಪುವುದು ಸುಲಭ. ಅದಕ್ಕೇ ದಾವಣಗೆರೆ, ದುರ್ಗದ ವಿದ್ಯಾರ್ಥಿಗಳು ಕೆರೆಯ ಡಯಾಟಮ್ ಪಟ್ಟಿ ಮಾಡುವಾಗ ಬರೀ ಹೆಸರು ಬರೆದರೆ ಸಾಲದು. ಸ್ಲೈಡ್, ಫೋಟೊ, ಮಾದರಿ ತೆಗೆದ ಜಾಗ ಮತ್ತು ತಿಂಗಳು ಜೊತೆಗಿದ್ದರೆ, ಆ ಹೆಸರು ಸರಿಯೋ ಅಂತ ಇನ್ನೊಬ್ಬರು ಮತ್ತೆ ನೋಡಬಹುದು.