ಅಡೆಲಾ: ಗಂಡ ಕ್ರುಸೇಡಿಗೆ ಹೊರಟ ಮೇಲೆ

ಕ್ರುಸೇಡ್ ಎಂದರೆ ಜೆರುಸಲೇಮನ್ನು ಮುಸ್ಲಿಂ ದೊರೆಗಳಿಂದ ಗೆಲ್ಲಲು ಯುರೋಪಿನ ಕ್ರೈಸ್ತರು ಹೊರಟ ಧರ್ಮಯುದ್ಧ. ಅದರ ಪಾಠ ಓದುವಾಗ ನಾವೆಲ್ಲ ಸೈನ್ಯದ ಬೆನ್ನು ಹತ್ತಿ ಜೆರುಸಲೇಮಿಗೆ ಹೋಗಿಬಿಡುತ್ತೇವೆ. ಊರಲ್ಲಿ ಉಳಿದ ಜಮೀನು, ಮಕ್ಕಳು, ವ್ಯಾಜ್ಯಗಳನ್ನು ಯಾರು ನೋಡಿಕೊಂಡರು? ಈ ಪ್ರಶ್ನೆಗೆ ಅಡೆಲಾಳ ಬದುಕಿಗಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಇವಳು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂನ ಮಗಳು. ಫ್ರಾನ್ಸಿನ ಬ್ಲುವಾ, ಶಾರ್ತ್ರ್ ಸೀಮೆಗಳ ಕೌಂಟ್ ಸ್ಟೀಫನ್‌ನ ಹೆಂಡತಿ. ಕೌಂಟ್ ಎಂದರೆ ರಾಜನ ಕೆಳಗೆ ಒಂದು ಸೀಮೆಯನ್ನು ಆಳುವವನು. 1096ರಲ್ಲಿ ಸ್ಟೀಫನ್ ಮೊದಲ ಕ್ರುಸೇಡಿಗೆ ಹೊರಟ. ಸೀಮೆ ಇವಳ ಕೈಗೆ ಬಂತು.

ಅವನು ದಾರಿಯಿಂದ ಅಡೆಲಾಳಿಗೆ ಬರೆಸಿದ ಎರಡು ಪತ್ರಗಳು ಇಂದಿಗೂ ಉಳಿದಿವೆ. ಇವನ್ನು ನಿಧಾನವಾಗಿ ಓದಬೇಕು. 1097ರಲ್ಲಿ ಇಂದಿನ ಟರ್ಕಿಯಲ್ಲಿರುವ ನೈಸಿಯಾದಿಂದ ಬರೆಯುತ್ತ, ದಾರಿಯಲ್ಲಿದ್ದ ಕೋಟೆ ಪಟ್ಟಣ ಆಂಟಿಯೋಕ್ ಅಡ್ಡ ಬರದಿದ್ದರೆ ಐದು ವಾರದಲ್ಲಿ ಜೆರುಸಲೇಮ್ ಸೇರುತ್ತೇವೆ ಎನ್ನುತ್ತಾನೆ. ಜೆರುಸಲೇಮ್ ವಶವಾಗಿದ್ದು 1099ರ ಜುಲೈನಲ್ಲಿ! 1098ರ ಮಾರ್ಚ್‌ನಲ್ಲಿ ಆಂಟಿಯೋಕಿನ ಮುತ್ತಿಗೆಯ ನಡುವಿನಿಂದ ಬರೆದ ಪತ್ರದಲ್ಲಿ ಇನ್ನೊಂದು ಮಾತಿದೆ: ಹೊರಡುವಾಗ ನೀನು ಕೊಟ್ಟದ್ದರ ಎರಡರಷ್ಟು ಚಿನ್ನ, ಬೆಳ್ಳಿ ಈಗ ನನ್ನ ಬಳಿ ಇದೆ. ಈ ಒಂದು ಸಾಲಿಗೆ ಅಡಿಗೆರೆ ಹಾಕಿಕೊಳ್ಳಿ. ಯಾತ್ರೆಗೆ ಹಣ ಹೊಂದಿಸಿದವರಲ್ಲಿ ಹೆಂಡತಿಯೂ ಇದ್ದಳು ಎಂಬುದು ಗಂಡನ ಬಾಯಿಂದಲೇ ಬಂದಿದೆ. ಕೊನೆಗೆ ಸೀಮೆಯನ್ನು ಚೆನ್ನಾಗಿ ನೋಡಿಕೋ, ಮಕ್ಕಳನ್ನೂ ನಮ್ಮ ಜನರನ್ನೂ ನಿನಗೆ ತಕ್ಕ ಹಾಗೆ ನಡೆಸಿಕೋ ಎಂದು ಕೇಳಿಕೊಳ್ಳುತ್ತಾನೆ.

ಎರಡೇ ತಿಂಗಳಿಗೆ ಅವನು ಪಾಳೆಯ ಬಿಟ್ಟು ಹೊರಟುಬಂದ. ಅವನು ಹೊರಟ ಬೆನ್ನಿಗೇ ಆಂಟಿಯೋಕ್ ಕ್ರುಸೇಡಿಗರ ಕೈಗೆ ಸಿಕ್ಕಿತು. ಊರಿಗೆ ಮರಳಿದವನ ಹೆಸರಿಗೆ ಹೇಡಿ ಎಂಬ ಮಾತು ಅಂಟಿಕೊಂಡಿತು. ಮತ್ತೆ ಹೊರಟ ಸ್ಟೀಫನ್ 1102ರಲ್ಲಿ ಪ್ಯಾಲೆಸ್ಟೈನಿನ ರಾಮ್ಲಾದ ಬಳಿ ಸತ್ತ.

ಅಡೆಲಾ ಏಕಾಂತದಲ್ಲಿ ಗಂಡನನ್ನು ಒತ್ತಾಯಿಸಿ ಮರಳಿ ಕಳಿಸಿದಳು ಎಂಬ ಕಥೆಯನ್ನು ನೀವು ಓದಿರಬಹುದು. ಅದನ್ನು ಬರೆದವನು ಆರ್ಡರಿಕ್ ವೈಟಾಲಿಸ್ ಎಂಬ ಸಂನ್ಯಾಸಿ, ಅದೂ ದಶಕಗಳ ನಂತರ. ಮಲಗುವ ಮನೆಯ ಮಾತು ಮಠದಲ್ಲಿದ್ದವನ ಕಿವಿಗೆ ಬಿದ್ದದ್ದು ಹೇಗೆ? ಜೆರುಸಲೇಮ್ ಮುಟ್ಟುವ ಹರಕೆ ಪೂರೈಸದೆ ಮರಳಿದವರಿಗೆ ಪೋಪ್ ಪಾಸ್ಕಲ್ ಚರ್ಚಿನಿಂದ ಬಹಿಷ್ಕಾರದ ಎಚ್ಚರಿಕೆ ಕೊಟ್ಟಿದ್ದನ್ನೂ ಮರೆಯಬಾರದು. ಎಲ್ಲ ಭಾರವನ್ನೂ ಅವಳೊಬ್ಬಳ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ವಿಧವೆಯಾದ ಮೇಲೂ ಹಲವು ವರ್ಷ ಅವಳೇ ಆಳಿದಳು. ಮಠಗಳಿಗೆ ದಾನಪತ್ರ ಬರೆಸಿದಳು, ವ್ಯಾಜ್ಯ ತೀರ್ಮಾನಿಸಿದಳು. ಹಿರಿಯ ಮಗ ವಿಲಿಯಂನನ್ನು ಬದಿಗಿಟ್ಟು ಥಿಯೊಬಾಲ್ಡನನ್ನು ವಾರಸುದಾರನನ್ನಾಗಿ ಮಾಡಿದಳು. ಇಂಗ್ಲೆಂಡಿನ ದೊರೆಯಾಗಿದ್ದ ತಮ್ಮ ಹೆನ್ರಿಗೂ ಅಲ್ಲಿನ ಚರ್ಚಿನ ಮುಖ್ಯಸ್ಥನಾದ ಆರ್ಚ್‌ಬಿಷಪ್ ಆನ್ಸೆಲ್ಮನಿಗೂ ಬಿಷಪ್‌ಗಳ ನೇಮಕದ ವಿಚಾರದಲ್ಲಿ ಜಗಳ ಹತ್ತಿದಾಗ, 1105ರಲ್ಲಿ ಇಬ್ಬರನ್ನೂ ಮಾತಿಗೆ ಕೂರಿಸಿದ್ದು ಇವಳೇ. ಸುಮಾರು 1120ರಲ್ಲಿ, ಆಡಳಿತವನ್ನು ಥಿಯೊಬಾಲ್ಡನಿಗೆ ಬಿಟ್ಟು, ಮಾರ್ಸಿನ್ಯಿಯ ಸಂನ್ಯಾಸಿನಿಯರ ಮಠ ಸೇರಿದಳು. ಇನ್ನೊಬ್ಬ ಮಗ ಸ್ಟೀಫನ್ 1135ರಲ್ಲಿ ಇಂಗ್ಲೆಂಡಿನ ಪಟ್ಟವೇರಿದಾಗ ಅವಳಿನ್ನೂ ಅಲ್ಲಿ ಬದುಕಿದ್ದಳು.